ಅಜ್ಜಿಯ ನಲ್ಲಿಮೂಳೆ, ನನ್ನ ಕೊಲೆಸ್ಟ್ರಾಲ್

ನನ್ನ ರಕ್ತ ಕೆಟ್ಟಿದೆ ಅಂತ ಮೊದಲು ಪತ್ತೆ ಹಚ್ಚಿದ್ದು ಸ್ಕಂದಗಿರಿ ಬೆಟ್ಟ. ಡಾಕ್ಟರ ಸರದಿ ಆಮೇಲೆ ಬಂತು.

ನಾನು ಕೆಲಸ ಮಾಡುವುದು ಚಿಕ್ಕಬಳ್ಳಾಪುರದ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ. ಮನೆ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಕಡೆಯ ಒಂದು ಹಳ್ಳಿ. ಬೆಟ್ಟ ಅಂದರೆ ಬಸ್ಸಿನ ಕಿಟಕಿಯಿಂದ ನೋಡುವಂಥದ್ದು, ಅದನ್ನು ಹತ್ತುವ ಹುಚ್ಚು ಬೆಂಗಳೂರಿನಿಂದ ಬರುವವರಿಗೆ ಮಾತ್ರ ಇರುತ್ತದೆ ಅಂತ ನಂಬಿಕೊಂಡಿದ್ದೆ. ಅವರೇಕಾಯಿ ಕಾಲದ ಒಂದು ಭಾನುವಾರ ಶೋರೂಮಿನ ಗೆಳೆಯರು ಮಂಜು ನೋಡೋಣ ಬಾ ಅಂತ ಎಳೆದುಕೊಂಡು ಹೋದರು. ಕಾಲು ಭಾಗ ಹತ್ತುವಷ್ಟರಲ್ಲಿ ನಾನು ಉಸಿರಾಡುವ ಸದ್ದಿಗೆ ಮುಂದಿದ್ದವರು ಕರಡಿ ಬಂತೇನೋ ಅಂತ ತಿರುಗಿ ನೋಡಿ ದಾರಿ ಬಿಟ್ಟರು. ಇನ್ನೊಂಚೂರು ಹತ್ತಿ ಒಂದು ಬಂಡೆಯ ಮೇಲೆ ಅಂಗಾತ ಮಲಗಿಬಿಟ್ಟೆ. ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದ, ಅಮ್ಮನಿಗಿಂತ ದೊಡ್ಡವರಾದ ಒಬ್ಬ ಹೆಂಗಸು ನನ್ನನ್ನು ದಾಟಿ ಹೋಗುವಾಗ ಪಾಪ ಅಂತ ಒಂದು ಕಡಲೆ ಮಿಠಾಯಿ ಕೊಟ್ಟು ಹೋದರು. ಅವರು ತುದಿ ಮುಟ್ಟಿ, ಫೋಟೋ ತೆಗೆಸಿಕೊಂಡು, ಇಳಿದು ಬರುವಾಗಲೂ ನಾನು ಅದೇ ಬಂಡೆಯ ಮೇಲಿದ್ದೆ. ಇನ್ನೊಂದು ಮಿಠಾಯಿ ಕೊಟ್ಟರು.

ಅದಾದ ಮೇಲೆ ಗೆಳೆಯರು ನನ್ನನ್ನು ಬಿಡಲಿಲ್ಲ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿಸಿ, ರಿಪೋರ್ಟ್ ಹಿಡಿದುಕೊಂಡು ಒಬ್ಬ ಲೇಡಿ ಡಾಕ್ಟರ ಮುಂದೆ ಕೂರಿಸಿದರು. ರಿಪೋರ್ಟಿನಲ್ಲಿ ಮಿತಿ ಮೀರಿದ್ದನ್ನೆಲ್ಲ ದಪ್ಪ ಅಕ್ಷರದಲ್ಲಿ ಹಾಕುತ್ತಾರಂತೆ. ನನ್ನದು ಪೂರ್ತಿ ದಪ್ಪ ಅಕ್ಷರ. ನನ್ನ ಹೆಸರೊಂದೇ ಸಣ್ಣಗಿತ್ತು. ಡಾಕ್ಟರು ಮನೆಯಲ್ಲಿ ಯಾರಿಗಾದರೂ ಹಾರ್ಟಿನ ತೊಂದರೆ ಇತ್ತಾ ಅಂತ ಕೇಳಿದರು. ತಾತ ಎದೆನೋವಿನಲ್ಲಿ ಹೋದರು ಅಂದೆ. ಅವರು ಕನ್ನಡಕ ಸರಿಮಾಡಿಕೊಂಡು, ಎರಡು ತಿಂಗಳು ಊಟ ಹಿಡಿತದಲ್ಲಿಡು, ಕರಿದದ್ದು, ತುಪ್ಪ, ಬೆಣ್ಣೆ ಬಿಡು, ದಿನಾ ನಡಿ, ಆಮೇಲೂ ಇಳಿಯದಿದ್ದರೆ ಮಾತ್ರೆ ಶುರುಮಾಡಬೇಕಾಗುತ್ತೆ ಅಂದರು. ಇಷ್ಟರಲ್ಲಿ ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಇನ್ನೂ ಹೆಣ್ಣು ನೋಡುವ ಶಾಸ್ತ್ರವೇ ಆಗಿಲ್ಲ, ಅಷ್ಟರಲ್ಲಿ ಜೇಬಿನಲ್ಲಿ ಮಾತ್ರೆ ಡಬ್ಬಿ ಇಟ್ಟುಕೊಂಡು ಓಡಾಡುವುದೇ? ಎಲ್ಲವನ್ನೂ ನ್ಯಾಚುರಲ್ಲಾಗಿಯೇ ಇಳಿಸಿಬಿಡುತ್ತೇನೆ ಅಂತ ಆಸ್ಪತ್ರೆಯ ಮೆಟ್ಟಿಲ ಮೇಲೇ ತೀರ್ಮಾನ ಮಾಡಿದೆ. ತೀರ್ಮಾನ ಮಾಡಿದ ಖುಷಿಗೆ ಎದುರಿನ ಗಾಡಿಯಲ್ಲಿ ಒಂದು ಪ್ಲೇಟು ಮೆಣಸಿನಕಾಯಿ ಬಜ್ಜಿ ತಿಂದೆ.

ಮನೆಯಲ್ಲಿ ವಿಷಯ ಹೇಳಿದಾಗ ಅಮ್ಮ ಅದನ್ನು ಅಜ್ಜಿಗೆ ಅರ್ಥವಾಗುವ ಹಾಗೆ ರಕ್ತದಲ್ಲಿ ಕೊಬ್ಬು ಅಂತ ಹೇಳಿದಳು. ನನಗೆ ಕೊಬ್ಬು ಜಾಸ್ತಿ ಅನ್ನುವ ಜೋಕನ್ನು ಆಮೇಲೆ ಅಪ್ಪ, ಪಕ್ಕದ ಮನೆಯವರು, ಹಾಲಿನ ಡೇರಿಯವರು, ಕೊನೆಗೆ ಬಸ್ಸಿನ ಕಂಡಕ್ಟರ್ ಸಹ ಹೊಡೆದು ಮುಗಿಸಿದ್ದಾರೆ. ನಾನು ಹೊಡೆಯುವುದಿಲ್ಲ. ಅಜ್ಜಿಯೂ ನಗಲಿಲ್ಲ.

"ಎದೆಗೆ ಬತ್ತದಾ ಇದು?" ಅಂದಳು.

ಬಂದರೂ ಬರಬಹುದು, ಬರದೆಯೂ ಇರಬಹುದು ಅಂದೆ.

"ನಿಮ್ ತಾತನ ರಕ್ತ ಯಾರೂ ನೋಡ್ಲಿಲ್ಲ ಕಣಪ್ಪ," ಅಂದು ಅಜ್ಜಿ ಒಳಗೆ ಹೋದಳು.

ತಾತ ನಾನು ಹುಟ್ಟುವ ಮೊದಲೇ ಹೋದವರು. ಹೊಲದಿಂದ ಬಂದು ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲವಂತೆ. ನಾನು ವಿಷಯ ಹೇಳಿದ ಮಾರನೇ ದಿನ ಅಜ್ಜಿ ತಲೆಗೆ ನೀರು ಹಾಕಿಕೊಂಡು ಊರಮ್ಮನ ಗುಡಿಗೆ ಹೋಗಿ ಬಂದು ತನ್ನ ಹರಕೆಯನ್ನು ಮನೆಯವರ ಮುಂದೆ ಹೇಳಿದಳು. ಮೊಮ್ಮಗನ ರಕ್ತ ತಿಳಿಯಾಗುವ ತನಕ ಅವಳು ಬಾಡು ಮುಟ್ಟುವುದಿಲ್ಲ.

ಇದು ಎಂಥ ಹರಕೆ ಅಂತ ತಿಳಿಯಬೇಕಾದರೆ ನಮ್ಮ ಅಜ್ಜಿ ಬಾಡು ತಿನ್ನುವುದನ್ನು ನೋಡಿರಬೇಕು. ಬಾಯಲ್ಲಿ ಹಲ್ಲು ಲೆಕ್ಕಕ್ಕಿಲ್ಲ. ತುಂಡುಗಳನ್ನೆಲ್ಲ ನಮಗೆ ಬಿಟ್ಟು ಅವಳು ಕಾಯುವುದು ನಲ್ಲಿಮೂಳೆಗೆ, ಅಂದರೆ ಒಳಗೆ ಮಜ್ಜೆ ತುಂಬಿದ, ಕೊಳವೆಯಂಥ ಕಾಲುಮೂಳೆಗೆ. ಅದನ್ನು ಸ್ಟೀಲ್ ತಟ್ಟೆಯ ಅಂಚಿಗೆ ಟಣ್ ಟಣ್ ಅಂತ ಬಡಿಯುತ್ತಾಳೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಮಜ್ಜೆ ಸಡಿಲವಾಗಿಲ್ಲ ಅನ್ನಿಸಿದರೆ ಇನ್ನೊಂದು ಸಲ ಬಡಿದು, ಕಣ್ಣು ಮುಚ್ಚಿ ಸುರ್ರಂತ ಹೀರುತ್ತಾಳೆ. ಭಾನುವಾರ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಊಟದ ಹೊತ್ತು ತಿಳಿಯುವುದೇ ಆ ಟಣ್ ಸದ್ದಿನಿಂದ. ಈಗ ಅದು ನಿಂತುಹೋಯಿತು. ಅಜ್ಜಿಯ ಮುಂದೆ ಕೂತು ತಿನ್ನುವ ಧೈರ್ಯ ಯಾರಿಗೂ ಇಲ್ಲದ ಕಾರಣ ಮನೆಗೆ ಬಾಡು ಬರುವುದೇ ನಿಂತಿತು.

ಹುಟ್ಟಿದಾಗಿನಿಂದ ನನ್ನ ಬಗ್ಗೆ ಅಪ್ಪ ಅಷ್ಟೊಂದು ಆಸಕ್ತಿ ತೋರಿಸಿದ್ದು ಅದೇ ಮೊದಲು. ಬೆಳಗ್ಗೆ ಎದ್ದ ತಕ್ಷಣ ನನ್ನ ಮುಖವನ್ನು ಮಳೆ ಮೋಡ ನೋಡುವ ಹಾಗೆ ನೋಡುತ್ತಿದ್ದ. ಯುಗಾದಿಯ ಮಾರನೇ ದಿನ ಹೊಸತೊಡಕು. ಅವತ್ತು ನಮ್ಮ ಕಡೆ ಬಾಡಿನ ಸಾರು ಕುದಿಯದ ಮನೆಯೇ ಇರುವುದಿಲ್ಲ. ಅಷ್ಟರೊಳಗೆ ಹೇಗಾದರೂ ಇಳಿಸಿಕೋ ಅಂತ ಅಪ್ಪ ಎಚ್ಚರಿಕೆ ಕೊಟ್ಟ. ನನಗೆ ಅಪ್ಪನ ಹೊಟ್ಟೆಯ ಚಿಂತೆ ಇರಲಿಲ್ಲ. ಅಜ್ಜಿಯ ಕೈ ಬಳೆ ಮಣಿಕಟ್ಟಿನಿಂದ ಜಾರಿ ಮೊಣಕೈ ಕಡೆಗೆ ಹೋಗಲು ಶುರುವಾಗಿತ್ತು. ಮುದ್ದೆಯಲ್ಲಿ ಅರ್ಧ ಮುರಿದು ಸಾಕು ಅನ್ನುತ್ತಿದ್ದಳು. ಇಳಿಯಬೇಕಾದವನು ನಾನು, ಇಳಿಯುತ್ತಿದ್ದವಳು ಅವಳು.

ಅದಕ್ಕೆ ಯುದ್ಧವನ್ನೇ ಶುರುಮಾಡಿದೆ. ಮೊಬೈಲ್ ತೆಗೆದರೆ ಸಾಕು, ಒಬ್ಬೊಬ್ಬರು ಒಂದೊಂದು ಸೊಪ್ಪು, ಬೇರು, ಬೀಜ ಹಿಡಿದುಕೊಂಡು ಬಂದು ನನ್ನ ರಕ್ತನಾಳ ಗುಡಿಸಿಕೊಡುತ್ತೇನೆ ಅನ್ನುತ್ತಿದ್ದರು. ಎಲ್ಲರನ್ನೂ ನಂಬಿದೆ. ಅಗಸೆ ಬೀಜ ಒಳ್ಳೆಯದು ಅಂತ ಒಬ್ಬರು ಹೇಳಿದ್ದನ್ನು ಅಮ್ಮ ಫೋನಿನಲ್ಲಿ ಚಿಂತಾಮಣಿಯ ದೊಡ್ಡಮ್ಮನಿಗೆ ಹೇಳಿದಳು. ವಾರ ಕಳೆಯುವಷ್ಟರಲ್ಲಿ ಬಸ್ಸಿನಲ್ಲಿ ಒಂದು ಡಬ್ಬಿ ಬಂತು. ಮುಚ್ಚಳ ತೆಗೆದರೆ ಅಗಸೆ ಬೀಜದ ಉಂಡೆಗಳು. ಬರೀ ಬೀಜ ಉಂಡೆ ಕಟ್ಟಲು ಬರುವುದಿಲ್ಲವಲ್ಲ, ಅದಕ್ಕೆ ದೊಡ್ಡಮ್ಮ ಕೊಬ್ಬರಿ, ಬೆಲ್ಲ, ಜೊತೆಗೆ ಮನೆಯಲ್ಲಿ ಕಾಯಿಸಿದ ತುಪ್ಪ ಸೇರಿಸಿ ಕಟ್ಟಿದ್ದಳು. ಉಂಡೆ ಹಿಡಿದ ಕೈ ತೊಳೆಯಲು ಎರಡು ಸಲ ಸೋಪು ಬೇಕಾಗುತ್ತಿತ್ತು. ಮೆಂತ್ಯ ಒಳ್ಳೆಯದು ಅಂತ ಗೊತ್ತಾದ ಮೇಲೆ ಅಮ್ಮ ಮೆಂತ್ಯದ ಲಾಡು ಮಾಡಿದಳು. ಓಟ್ಸ್ ತಂದೆ, ಅದು ಬೆಣ್ಣೆ ದೋಸೆಯಾಯಿತು. ಇನ್ನೊಬ್ಬ ಬೆಳಗ್ಗೆ ಎದ್ದು ಗಾಣದ ಕೊಬ್ಬರಿ ಎಣ್ಣೆ ಕುಡಿದರೆ ಒಳಗೆಲ್ಲ ಜಾರುತ್ತದೆ ಅಂದ. ಜಾರಲಿ ಅಂತ ಕುಡಿದೆ, ಚಮಚ ಚಿಕ್ಕದಾಯಿತು ಅನ್ನಿಸಿ ಲೋಟದಲ್ಲಿ ಕುಡಿದೆ.

ಇದರಲ್ಲಿ ಯಾರದೂ ತಪ್ಪು ಅಂತ ಹೇಳಲಾರೆ. ನಮ್ಮ ಮನೆಯಲ್ಲಿ ಕಾಯಿಲೆ ಬಂದರೆ ತಟ್ಟೆಗೆ ಏನಾದರೊಂದು ಹೆಚ್ಚಿಗೆ ಬೀಳುತ್ತದೆ. ಜ್ವರ ಬಂದರೆ ಮೆಣಸಿನ ಸಾರು ಸೇರುತ್ತದೆ, ಕೈ ಮುರಿದರೆ ಮೊಟ್ಟೆ ಸೇರುತ್ತದೆ. ಕಾಯಿಲೆಯವನ ತಟ್ಟೆಯಿಂದ ಏನಾದರೂ ಕಿತ್ತುಕೊಳ್ಳಬೇಕು ಅನ್ನುವುದು ಅಮ್ಮನಿಗೆ ಕನಸಿನಲ್ಲೂ ಹೊಳೆಯುವ ಮಾತಲ್ಲ. ನನಗೂ ಹೊಳೆಯಲಿಲ್ಲ. ಔಷಧಿ ಎಲ್ಲ ಮುಗಿಸಿದ ಮೇಲೆ ನಾನು ಊಟಕ್ಕೆ ಕೂರುತ್ತಿದ್ದೆ.

ಆಮೇಲೆ ಗೌರಿಬಿದನೂರಿನ ಚಿಕ್ಕಮ್ಮನ ಸಲಹೆ ಬಂತು. ಅವಳ ಮಾತಿನಲ್ಲಿ ಅರ್ಧ ತೆಲುಗು, ಉಳಿದದ್ದು ಹೆದರಿಕೆ. ಹಸಿ ಬೆಳ್ಳುಳ್ಳಿ ಅಗಿದು ನುಂಗಿದರೆ ಕೊಬ್ಬು ಕರಗಿ ನೀರಾಗುತ್ತದೆ ಅಂತ ಅವಳು ಎಷ್ಟು ಎಸಳು ಅಂತ ಹೇಳುವ ಮೊದಲೇ ನಾನು ಫೋನಿಟ್ಟಿದ್ದೆ. ಗೆಡ್ಡೆ ಗೆಡ್ಡೆಯೇ ಅಗಿದೆ. ಶೋರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಮೊದಲು ಗೋಡೆಯ ಕಡೆಗೆ, ಆಮೇಲೆ ಗೋಡೆಯಾಚೆಗೆ ಹೋಯಿತು. ಟ್ರ್ಯಾಕ್ಟರ್ ನೋಡಲು ಬಂದ ಒಬ್ಬ ರೈತರು ನಾನು ಇಂಜಿನ್ ವಿಷಯ ಹೇಳುತ್ತಿದ್ದಾಗ ಹಿಂದೆ ಹಿಂದೆ ಸರಿದು, ಕೊನೆಗೆ ರಸ್ತೆಯಾಚೆ ನಿಂತು, ಅಲ್ಲಿಂದಲೇ ಆಗಲಿ ಅಂತ ಕೈ ಎತ್ತಿ ಹೋದರು.

ಶೋರೂಮು ಹೇಗೋ ತಡೆದುಕೊಂಡಿತು. ತಡೆಯದೇ ಹೋಗಿದ್ದು ನಮ್ಮ ಹುಳು ಮನೆ. ಹಿತ್ತಿಲಿನಲ್ಲಿ ರೇಷ್ಮೆ ಹುಳು ಸಾಕುವ ಉದ್ದನೆಯ ಶೆಡ್ಡಿದೆ, ಅದಕ್ಕೆ ಅಜ್ಜಿಯೇ ಯಜಮಾನಿ. ಹುಳುವಿಗೆ ಗಾಟು ಆಗದು. ಬೀಡಿ ಸೇದಿದವರು, ಸೆಂಟು ಹಾಕಿಕೊಂಡವರು ಅದರ ಬಾಗಿಲು ದಾಟುವಂತಿಲ್ಲ. ಆ ಕಡೆ ಗಾಳಿ ಬೀಸುವ ದಿನ ನಮ್ಮ ಮನೆಯಲ್ಲಿ ಒಗ್ಗರಣೆ ಕೂಡ ಹಾಕುವುದಿಲ್ಲ. ಇದೆಲ್ಲ ಗೊತ್ತಿದ್ದೂ ಒಂದು ಸಂಜೆ ನಾನು ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು, ಕಾಲು ತೊಳೆದುಕೊಂಡು ಬಹಳ ಶಿಸ್ತಿನಿಂದ ಒಳಗೆ ಹೋದೆ. ಹೊರೆ ಇಳಿಸಿ, ಉಸ್ಸಪ್ಪಾ ಅಂತ ಜೋರಾಗಿ ಉಸಿರು ಬಿಟ್ಟೆ.

ಹತ್ತಿರದ ತಟ್ಟೆಯ ಹುಳುಗಳೆಲ್ಲ ತಿನ್ನುವುದು ನಿಲ್ಲಿಸಿ ತಲೆ ಎತ್ತಿದವು. ನನ್ನನ್ನೇ ನೋಡುತ್ತಿದ್ದವು ಅಂತ ಇವತ್ತಿಗೂ ಹೇಳುತ್ತೇನೆ.

ಅಜ್ಜಿ ಸೆರಗು ಮೂಗಿಗೆ ಒತ್ತಿಕೊಂಡು ಬಂದು ನನ್ನ ರಟ್ಟೆ ಹಿಡಿದು ಹೊರಗೆ ನಿಲ್ಲಿಸಿದಳು. "ಬೆಳೆ ಎದ್ದೋಗ್ಲಿ ಅಂತ ಬಂದಿದ್ಯೇನೋ? ಬಾಯಲ್ಲಿ ಏನ್ ಇಟ್ಕಂಡಿದೀಯ?"

ಹುಳುಗಳಿಗೆ ಏನೂ ಆಗಿರಲಿಲ್ಲ. ಪೊರೆ ಬಿಡುವ ಮೊದಲು ಅವು ತಿನ್ನುವುದು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂರುತ್ತವೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಕಡೆಯ ಜ್ವರ ಎದ್ದ ಮೇಲೆ ಗೂಡು ಕಟ್ಟುವ ತನಕ ಒಂದೇ ಸಮ ತಿನ್ನುತ್ತವೆ. ಅವು ಜ್ವರಕ್ಕೆ ಕೂತದ್ದೂ ನಾನು ಉಸಿರು ಬಿಟ್ಟದ್ದೂ ಒಂದೇ ಹೊತ್ತಾಗಿತ್ತು, ಅಷ್ಟೇ. ಆದರೆ ಸುದ್ದಿ ಬೀದಿ ದಾಟಿತು. ಒಂದು ಉಸಿರಿಗೆ ಒಂದು ತಟ್ಟೆ ಹುಳು ಮಲಗಿಸಿದವನು ಅಂತ ನನಗೆ ಹೆಸರು ಬಂತು. ಎದುರು ಮನೆಯವರು ತಮ್ಮ ಹುಳು ಮನೆಯ ಮುಂದೆ ಹೋಗುವಾಗ ಬಾಯಿ ಮುಚ್ಚಿಕೊಂಡು ಹೋಗಪ್ಪ ಅಂತ ಬಹಳ ಮರ್ಯಾದೆಯಿಂದ ಕೇಳಿಕೊಂಡರು. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡಿಕೊಂಡು ಬೈಕ್ ಹೊರತೆಗೆಯುವ ಸ್ಥಿತಿಗೆ ಬಂದೆ. ಕೆಲವು ದಿನ ಮನೆಯಿಂದ ರಸ್ತೆಗೆ ಹೋಗಲು ಕೆರೆ ಏರಿ ಸುತ್ತಿಕೊಂಡು ಹೋದದ್ದೂ ಉಂಟು.

ಬೆಳ್ಳುಳ್ಳಿ ನಿಂತ ಮೇಲೆ ಹೊಸದೊಂದು ಬೇಕಾಯಿತು. ಮೊಬೈಲಿನಲ್ಲಿ ಒಂದು ಹಸಿರು ಪುಡಿ ಕಾಣಿಸಿತು. ಯಾವುದೋ ಎಲೆಯನ್ನು ನೆರಳಲ್ಲಿ ಒಣಗಿಸಿ ಮಾಡಿದ್ದಂತೆ, ಬಿಸಿನೀರಿಗೆ ಹಾಕಿ ಕುಡಿದರೆ ಕೊಲೆಸ್ಟ್ರಾಲ್ ಹೆದರಿ ಓಡುತ್ತದಂತೆ. ಎಲೆಯ ಹೆಸರು ಇಂಗ್ಲಿಷಿನಲ್ಲಿತ್ತು, ಪ್ಯಾಕೆಟ್ಟಿನ ಮೇಲೆ ಬಿಳಿ ಬಟ್ಟೆ ಹಾಕಿಕೊಂಡು ಧ್ಯಾನ ಮಾಡುವ ಹೆಂಗಸಿನ ಚಿತ್ರ ಇತ್ತು. ಹೆಸರನ್ನು ಸರಿಯಾಗಿ ಓದದೆ ಆ ಹೆಂಗಸಿನ ಮುಖ ನೋಡಿ ಆರ್ಡರ್ ಮಾಡಿದೆ. ಪಾರ್ಸೆಲ್ ತಂದ ಹುಡುಗ ಮನೆಯಲ್ಲಿ ಯಾರೂ ಕಾಣದೆ ಹಿತ್ತಿಲಿಗೆ ಬಂದು, ಆಗ ತಾನೇ ಕೊಯ್ದು ಹಾಕಿದ್ದ ಸೊಪ್ಪಿನ ರಾಶಿಯ ಮೇಲೆ ಅದನ್ನಿಟ್ಟು ಹೋಗಿದ್ದ. ಸಂಜೆ ಅಪ್ಪ ಪ್ಯಾಕೆಟ್ ತಿರುಗಿಸಿ ನೋಡಿದ. ಹಿಂದುಗಡೆ ಎಲೆಯ ಫೋಟೋ ಇತ್ತು. ಅಪ್ಪ ರಾಶಿಯಿಂದ ಒಂದು ಎಲೆ ಎತ್ತಿ ಫೋಟೋದ ಪಕ್ಕ ಹಿಡಿದ.

ಹಿಪ್ಪುನೇರಳೆ. ಮನೆಯ ಸುತ್ತ ಮೂರು ಕಡೆ ನಮ್ಮದೇ ಹಿಪ್ಪುನೇರಳೆ ತೋಟ, ನಾಲ್ಕನೇ ಕಡೆ ಪಕ್ಕದವರದು. ನಾನು ಅದರ ಪುಡಿಯನ್ನು ಗುಜರಾತಿನಿಂದ ತರಿಸಿದ್ದೆ.

ಅಪ್ಪ ಬೈಯಲಿಲ್ಲ, ಜಗಲಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಅಜ್ಜಿ ಮಾತ್ರ ಸೀದಾ ತೋಟಕ್ಕೆ ಹೋಗಿ ಎಳೆ ಸೊಪ್ಪು ಕಿತ್ತು ತಂದು, ರುಬ್ಬಿ ಲೋಟದಲ್ಲಿ ಕೊಟ್ಟಳು. ಹುಳು ತಿಂದರೆ ರೇಷ್ಮೆ ಬರುತ್ತದೆ, ನೀನು ಕುಡಿದರೆ ಏನು ಬರುತ್ತದೋ ನೋಡೋಣ ಅಂದಳು. ಏನೂ ಬರಲಿಲ್ಲ. ನಾಲಿಗೆ ಹಸಿರಾಯಿತು. ಆ ಲೋಟದ ಜೊತೆಗೂ ಅಗಸೆ ಉಂಡೆ ತಿನ್ನುವುದನ್ನು ನಾನು ತಪ್ಪಿಸಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಮತ್ತೆ ರಕ್ತ ಕೊಟ್ಟೆ. ರಿಪೋರ್ಟ್ ತೆಗೆದುಕೊಳ್ಳಲು ಹೋಗುವಾಗ ಗೆದ್ದವನ ಹಾಗೆ ಹೊಸ ಷರ್ಟ್ ಹಾಕಿಕೊಂಡು ಹೋದೆ. ದಪ್ಪ ಅಕ್ಷರಗಳು ಹಾಗೇ ಇದ್ದವು. ಅಕ್ಷರದ ಮುಂದಿನ ಸಂಖ್ಯೆ ಮಾತ್ರ ಬದಲಾಗಿತ್ತು, ಮೇಲಕ್ಕೆ ಏರಿತ್ತು. ಡಾಕ್ಟರು ಎರಡು ರಿಪೋರ್ಟುಗಳನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಏನು ತಿನ್ನುತ್ತಿದ್ದೆ ಅಂತ ಕೇಳಿದರು. ಹೆಮ್ಮೆಯಿಂದಲೇ ಹೇಳಿದೆ. ಉಂಡೆ ಅಂದಾಗ ಅವರು ಬರೆಯುವುದು ನಿಲ್ಲಿಸಿದರು. ಕೊಬ್ಬರಿ ಎಣ್ಣೆ ಅಂದಾಗ ಪೆನ್ನು ಕೆಳಗಿಟ್ಟರು. ಲೋಟ ಅಂದಾಗ ಕನ್ನಡಕ ತೆಗೆದರು.

"ಇದನ್ನೆಲ್ಲ ಊಟದ ಬದಲು ತಿಂತಿದ್ಯೇನಪ್ಪ?"

"ಇಲ್ಲ ಮೇಡಂ, ಊಟ ಬೇರೆ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಅಡುಗೆ ಮಾಡುವವರನ್ನೂ ಬಡಿಸುವವರನ್ನೂ ಕರೆದುಕೊಂಡು ಬಾ ಅಂದರು.

ಮಾರನೇ ದಿನ ಅಮ್ಮ, ಅಜ್ಜಿ ಇಬ್ಬರನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ಬೇಜಾರಿಲ್ಲದೆ ಮೊದಲಿನಿಂದ ಹೇಳಿದರು. ಅಗಸೆ, ಮೆಂತ್ಯ, ಬೆಳ್ಳುಳ್ಳಿ ಅಡುಗೆಯಲ್ಲಿ ಇದ್ದರೆ ತೊಂದರೆ ಇಲ್ಲ, ಆದರೆ ಅದಕ್ಕೆ ಕಟ್ಟಿದ ತುಪ್ಪ, ಕೊಬ್ಬರಿ, ಮೇಲೆ ಕುಡಿದ ಎಣ್ಣೆ ಎಲ್ಲ ಸೇರಿ ಇವನನ್ನು ಮೇಲೇರಿಸಿವೆ. ಫೋನಿನಲ್ಲಿ ಕಂಡದ್ದನ್ನೆಲ್ಲ ಔಷಧಿ ಅಂತ ನುಂಗಬಾರದು, ಕೇಳಿ ತಿನ್ನಬೇಕು. ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು ಇವೇ ಸಾಕು, ಹೊಟ್ಟೆಯಲ್ಲಿ ಸ್ವಲ್ಪ ಜಾಗ ಬಿಟ್ಟು ಏಳಬೇಕು. ತಾತನ ವಿಷಯ ಇರುವುದರಿಂದ ಇನ್ನು ಕಾಯುವುದು ಬೇಡ, ದಿನಕ್ಕೊಂದು ಮಾತ್ರೆ ಶುರುಮಾಡೋಣ. ಅಮ್ಮ ದೊಡ್ಡಮ್ಮನ ಡಬ್ಬಿಯನ್ನು ನೆನೆದು ನೆಲ ನೋಡುತ್ತಿದ್ದಳು. ಅಜ್ಜಿ ಎಲ್ಲವನ್ನೂ ಕೇಳಿ, ಬಹಳ ದಿನದ ಒಗಟು ಬಿಡಿಸಿದವಳ ಹಾಗೆ ತಲೆ ಆಡಿಸಿದಳು.

"ಕಡೇ ಜ್ವರ ಎದ್ದ ಹುಳ ತಿಂದಂಗೆ ತಿಂತವ್ನೆ ತಾಯಿ. ಆದ್ರೆ ಹುಳ ಆಮೇಲೆ ಗೂಡು ಕಟ್ತದೆ. ಇವ್ನು ಕಟ್ಟಲ್ಲ."

ಡಾಕ್ಟರು ನಗು ತಡೆಯಲು ಮಾತ್ರೆ ಚೀಟಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಅವತ್ತಿನಿಂದ ನನ್ನ ಪಥ್ಯ ಅಡುಗೆಮನೆಯಿಂದ ಹುಳು ಮನೆಯ ಆಡಳಿತಕ್ಕೆ ಹೋಯಿತು. ಅಜ್ಜಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಅದನ್ನೇ ನನ್ನ ಮೇಲೆ ಪ್ರಯೋಗಿಸಿದಳು. ಹುಳುವಿಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕುವ ಹಾಗೆ ನನಗೂ ಹೊತ್ತಿಗೆ ಸರಿಯಾಗಿ ಮುದ್ದೆ. ಹಾಕಿದ್ದು ಮುಗಿಯುವ ಮೊದಲು ಹುಳುವಿಗೆ ಮತ್ತೆ ಹಾಕುವುದಿಲ್ಲ, ನನಗಂತೂ ಮುಗಿದ ಮೇಲೂ ಹಾಕುತ್ತಿರಲಿಲ್ಲ. ಹುಳು ಜ್ವರಕ್ಕೆ ಕೂತ ದಿನ ಅವುಗಳ ಸೊಪ್ಪು ನಿಲ್ಲುತ್ತದೆ. ಮನೆಯಲ್ಲಿ ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಇನ್ನೊಂದು ಅಂತ ಆಗಬಾರದು ಅಂತ ಅವತ್ತು ನನ್ನ ಸಂಜೆಯ ತಿಂಡಿಯೂ ನಿಲ್ಲುತ್ತಿತ್ತು. ತಟ್ಟೆ ಶುಚಿ ಮಾಡುವ ಹಾಗೆ ನನ್ನ ಹಾಸಿಗೆ ಎತ್ತಿ ಕೆಳಗೆ ಚಿಪ್ಸ್ ಪ್ಯಾಕೆಟ್ ಇದೆಯಾ ಅಂತ ನೋಡುತ್ತಿದ್ದಳು. ಒಂದು ಸಲ ಸಿಕ್ಕಿತು. ಹುಳುವಿನ ಹಿಕ್ಕೆ ಎತ್ತುವ ಪೊರಕೆಯಲ್ಲೇ ಅದನ್ನು ಗುಡಿಸಿ ತಿಪ್ಪೆಗೆ ಹಾಕಿದಳು.

ಅಗಸೆ ಉಂಡೆಯ ಡಬ್ಬಿ ಚಿಂತಾಮಣಿಗೆ ವಾಪಸ್ಸಾಯಿತು. ದೊಡ್ಡಮ್ಮ ಒಂದು ವಾರ ಫೋನ್ ಎತ್ತಲಿಲ್ಲ. ಬಾಯಿಯ ವಾಸನೆ ಹೋಗಿದೆ ಅಂತ ಅಜ್ಜಿ ಮೂಸಿ ಒಪ್ಪಿದ ಮೇಲೆ ನನಗೆ ಮತ್ತೆ ಹುಳು ಮನೆಯ ಪ್ರವೇಶ ಸಿಕ್ಕಿತು, ಆದರೆ ಸೊಪ್ಪಿನ ಹೊರೆಯನ್ನು ಬೈಕಿನಲ್ಲಿ ತರುವಂತಿರಲಿಲ್ಲ. ತೋಟದಿಂದ ತಲೆಯ ಮೇಲೆ ಹೊತ್ತು ನಡೆದೇ ಬರಬೇಕು. ಬೆಳಗ್ಗೆ ಶೋರೂಮಿಗೆ ಹೋಗುವ ಮೊದಲು ಒಂದು ಸರದಿ, ಸಂಜೆ ಬಂದ ಮೇಲೆ ಇನ್ನೊಂದು. ಅಜ್ಜಿ ಜಗಲಿಯ ಮೇಲೆ ಕೂತು, ನಾನು ಉಸಿರಾಡುವ ಸದ್ದು ಕೇಳಿ ಇನ್ನೂ ಹೊರೆ ಬೇಕು ಅಥವಾ ಸಾಕು ಅಂತ ಹೇಳುತ್ತಿದ್ದಳು. ರಾತ್ರಿ ಊಟವಾದ ಮೇಲೆ ಮಾತ್ರೆಯನ್ನು ಅವಳೇ ಅಂಗೈಯಲ್ಲಿಟ್ಟು, ನುಂಗಿದ ಮೇಲೆ ಬಾಯಿ ತೆಗೆಸಿ ನೋಡುತ್ತಿದ್ದಳು.

ಯುಗಾದಿ ಹತ್ತಿರ ಬಂತು. ನಮ್ಮ ಊರಲ್ಲಿ ಹೊಸತೊಡಕಿಗೆ ಗುಡ್ಡೆ ಬಾಡು ಮಾಡುತ್ತಾರೆ. ಒಂದಷ್ಟು ಮನೆಯವರು ಸೇರಿ ಕುರಿ ಕಡಿಸಿ, ಬಾಳೆ ಎಲೆಯ ಮೇಲೆ ಸಮಸಮವಾಗಿ ಗುಡ್ಡೆ ಹಾಕಿ, ಮನೆಗೊಂದು ಗುಡ್ಡೆ ಅಂತ ಹಂಚಿಕೊಳ್ಳುವುದು ಪದ್ಧತಿ. ಎಷ್ಟು ಮನೆ ಅಂತ ಗೊತ್ತಾಗದೆ ಎಷ್ಟು ಕುರಿ ಅಂತ ಗೊತ್ತಾಗುವುದಿಲ್ಲ. ಅದನ್ನು ಮಾಡಿಸುವ ಮುಂದಾಳುಗಳು ಬಂದು ಈ ಸಲ ನಿಮ್ಮ ಮನೆಗೆ ಗುಡ್ಡೆ ಉಂಟಾ ಇಲ್ಲವಾ ಅಂತ ಕೇಳಿದಾಗ ಅಪ್ಪ ನನ್ನ ಕಡೆ ಕೈ ತೋರಿಸಿದ.

"ಇವ್ನ ರಕ್ತ ಬರ್ಲಿ, ಹೇಳ್ತೀನಿ."

ಅಲ್ಲಿಂದ ಊರವರೆಲ್ಲ ನನ್ನ ರಕ್ತಕ್ಕೆ ಕಾದರು. ಹಾಲು ಹಾಕಲು ಹೋದರೆ, ಬಸ್ಸಿಗೆ ನಿಂತರೆ, ಬಂತೇನಪ್ಪ ರಿಪೋರ್ಟು ಅಂತ ಕೇಳುವವರೇ. ಎದುರು ಮನೆಯವರು ಇದ್ದಕ್ಕಿದ್ದಂತೆ ನನ್ನನ್ನು ಕರೆದು ಮಜ್ಜಿಗೆ ಕೊಟ್ಟರು. ನನ್ನ ರಕ್ತ ಇಳಿಯಲಿ ಅಂತ ಕೊಟ್ಟರೋ, ಇಳಿಯದೆ ತಮ್ಮ ಗುಡ್ಡೆ ದೊಡ್ಡದಾಗಲಿ ಅಂತ ಕೊಟ್ಟರೋ ನನಗೆ ತಿಳಿಯಲಿಲ್ಲ. ಹೆದರಿ ಉಪ್ಪು ಹಾಕದೆ ಕುಡಿದೆ.

ರಿಪೋರ್ಟ್ ಬಂದದ್ದು ಯುಗಾದಿಯ ಹಿಂದಿನ ದಿನ. ಡಾಕ್ಟರು ನೋಡಿ, ಚೆನ್ನಾಗಿ ಇಳಿದಿದೆ, ಮಾತ್ರೆ ನಿಲ್ಲಿಸಬೇಡ, ಹೀಗೇ ಇರು ಅಂದರು. ಅಪರೂಪಕ್ಕೊಮ್ಮೆ ಕೊಬ್ಬಿಲ್ಲದ ಎರಡು ತುಂಡು ತಿಂದರೆ ಪರವಾಗಿಲ್ಲ ಅಂತಲೂ ಸೇರಿಸಿದರು. ಕುಣಿದುಕೊಂಡು ಮನೆಗೆ ಬಂದೆ. ಅಜ್ಜಿಗೆ ಓದು ಬಾರದು. ಆದರೆ ಇಷ್ಟು ದಿನದಲ್ಲಿ ದಪ್ಪ ಅಕ್ಷರ ಗುರುತಿಸುವುದನ್ನು ಕಲಿತಿದ್ದಳು. ರಿಪೋರ್ಟನ್ನು ಬಾಗಿಲ ಬೆಳಕಿಗೆ ಹಿಡಿದು, ಸಾಲಿನ ಮೇಲೆ ಬೆರಳಾಡಿಸುತ್ತಾ ಇಳಿದವಳು ಪುಟದ ಕೊನೆಯ ಹತ್ತಿರ ಒಂದು ಕಡೆ ನಿಂತಳು.

"ಇದು ಇನ್ನೂ ದಪ್ಪ ಐತಲ್ಲಪ್ಪ."

ನಿಜ. ಒಂದೇ ಒಂದು ಸಾಲು, ಟ್ರೈಗ್ಲಿಸರೈಡ್ ಅನ್ನುವ ಕೊಬ್ಬಿನದು, ಮಿತಿಯ ಗೆರೆಯಿಂದ ಕೂದಲೆಳೆಯಷ್ಟು ಮೇಲಿತ್ತು. ಡಾಕ್ಟರೇ ಪರವಾಗಿಲ್ಲ ಅಂದಿದ್ದಾರೆ ಅಂತ ಹೇಳಿದೆ. ಹರಕೆ ಹೊತ್ತದ್ದು ಡಾಕ್ಟರಿಗಲ್ಲವಲ್ಲ ಅಂದಳು. ತಿಳಿಯಾಗುವ ತನಕ ಅಂತ ಹೇಳಿದ್ದೆ, ಇದು ತಿಳಿಯಾ ಅಲ್ಲವಾ ಅಂತ ಊರಮ್ಮನೇ ಹೇಳಬೇಕು. ಅಪ್ಪ ವಾದ ಮಾಡಿದ, ಮುಕ್ಕಾಲು ಪಾಲು ತಿಳಿಯಾದ ನೀರನ್ನು ನಾವು ಕುಡಿಯುವುದಿಲ್ಲವೇ ಅಂದ. ಅಜ್ಜಿ ಬಳೆಯನ್ನು ಮೊಣಕೈಯಿಂದ ಕೆಳಕ್ಕೆ ಎಳೆದುಕೊಂಡಳು. ಆ ಕೈ ನೋಡಿ ನನಗೆ ಕುಣಿತ ಎಲ್ಲ ಇಳಿದುಹೋಯಿತು.

ಯುಗಾದಿಯ ಬೆಳಗ್ಗೆ ಎಣ್ಣೆ ನೀರು ಹಾಕಿಕೊಂಡು ಎಲ್ಲರೂ ಊರಮ್ಮನ ಗುಡಿಗೆ ಹೋದೆವು. ಹೂ ಕೇಳುವುದು ಅಂತ ತೀರ್ಮಾನವಾಗಿತ್ತು. ಊರಮ್ಮನ ಮುಡಿಗೆ ಎರಡೂ ಕಡೆ ಹೂ ಸಿಕ್ಕಿಸಿ ಕಾಯುತ್ತಾರೆ. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇನ್ನೂ ಇಲ್ಲ. ಪೂಜಾರಿ ನನ್ನ ರಿಪೋರ್ಟನ್ನು ತಟ್ಟೆಯಲ್ಲಿ ತೆಂಗಿನಕಾಯಿಯ ಪಕ್ಕ ಇಟ್ಟು, ಕುಂಕುಮ ಹಚ್ಚಿ, ಅಮ್ಮನ ಪಾದದ ಹತ್ತಿರ ಇಟ್ಟರು. ಕುಂಕುಮ ಬಿದ್ದದ್ದು ಸರಿಯಾಗಿ ಆ ದಪ್ಪ ಅಕ್ಷರದ ಮೇಲೆ. ಗುಡ್ಡೆಯ ಮುಂದಾಳುಗಳೂ ಹಿಂದುಗಡೆ ಕೈಕಟ್ಟಿ ನಿಂತಿದ್ದರು. ಎಲ್ಲ ಹಬ್ಬ ಬಿಟ್ಟು ಇಷ್ಟು ಜನ ನನ್ನ ಟ್ರೈಗ್ಲಿಸರೈಡಿಗೆ ಕೈ ಮುಗಿಯುತ್ತಿದ್ದರು.

ಬಹಳ ಹೊತ್ತು ಯಾವ ಹೂವೂ ಅಲ್ಲಾಡಲಿಲ್ಲ. ಅಜ್ಜಿಯ ತುಟಿ ಆಡುತ್ತಿತ್ತು. ಎಡಗಡೆಯ ಸೇವಂತಿಗೆ ಒಂಚೂರು ಬಾಗಿದ ಹಾಗೆ ಕಂಡಿತು. ಅದೇ ಹೊತ್ತಿಗೆ ಅಪ್ಪನಿಗೆ ಕೆಮ್ಮು ಬಂತು. ಅದು ಅವರೇಕಾಯಿ ಕಾಲದಿಂದ ಬಾಡು ಕಾಣದವನ ಕೆಮ್ಮು. ಗುಡಿಯ ದೀಪ ಮಲಗಿ ಎದ್ದಿತು, ಪೂಜಾರಿಯ ಶಲ್ಯ ಜಾರಿತು. ಕಣ್ಣುಜ್ಜಿಕೊಂಡು ನೋಡಿದರೆ ಬಲಗಡೆಯ ಹೂವು ರಿಪೋರ್ಟಿನ ಮೇಲೆ ಬಿದ್ದಿತ್ತು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಜ್ಜಿ ಹೂವನ್ನು ಕಣ್ಣಿಗೊತ್ತಿಕೊಂಡು, ಅಮ್ಮ ಕೊಟ್ಟಳು ಅಂದಳು. ಅಪ್ಪ ಮೆಲ್ಲಗೆ, ಎದೆ ಉಜ್ಜಿಕೊಳ್ಳುತ್ತಾ, ಹೌದು ಕೊಟ್ಟಳು ಅಂದ. ಮುಂದಾಳುಗಳು ಆಗಲೇ ಕುರಿ ನೋಡಲು ಹೊರಟಿದ್ದರು.

ಹೊಸತೊಡಕಿನ ಮಧ್ಯಾಹ್ನ ಊಟಕ್ಕೆ ಕೂತೆವು. ನನ್ನ ತಟ್ಟೆಯಲ್ಲಿ ಒಂದು ಮುದ್ದೆ, ಹುರುಳಿಕಾಳಿನ ಸಾರು, ಒಂದು ಹಿಡಿ ಸೊಪ್ಪಿನ ಪಲ್ಯ. ಡಾಕ್ಟರ ಅಪ್ಪಣೆಯಂತೆ ಎರಡು ತುಂಡು. ಆ ಎರಡನ್ನೂ ಅಜ್ಜಿ ಬಿಸಿನೀರಿನಲ್ಲಿ ತೊಳೆದು, ಬೆಳಕಿಗೆ ಹಿಡಿದು, ಕೊಬ್ಬು ಇಲ್ಲ ಅಂತ ಖಾತ್ರಿ ಮಾಡಿಕೊಂಡು ಹಾಕಿದ್ದಳು. ಅವು ಬಾಡಿನ ಹಾಗೆ ಇರಲಿಲ್ಲ, ಒಗೆದ ಕರ್ಚೀಫಿನ ಹಾಗಿದ್ದವು. ಅಪ್ಪ ತಲೆ ಎತ್ತದೆ ತಿನ್ನುತ್ತಿದ್ದ. ಅಮ್ಮ ಅಜ್ಜಿಯ ತಟ್ಟೆಗೆ ನಲ್ಲಿಮೂಳೆ ಹಾಕಿದಳು.

ಅಜ್ಜಿ ತಕ್ಷಣ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡಿದಳು, ಆಮೇಲೆ ಎತ್ತಿಕೊಂಡು ತಟ್ಟೆಯ ಅಂಚಿಗೆ ಬಡಿದಳು. ಟಣ್. ಇನ್ನೊಮ್ಮೆ ಟಣ್. ಬೀದಿಯಲ್ಲಿ ಯಾರೋ, ಅಜ್ಜಿ ಊಟಕ್ಕೆ ಕೂತಳು ಕಣ್ರೋ ಅಂದದ್ದು ಕೇಳಿಸಿತು. ಅವಳು ಮೂಳೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬಾಯಿಗೆ ಒಯ್ಯುವ ಮೊದಲು ನನ್ನ ಕಡೆ ತಿರುಗಿದಳು. ಬಗ್ಗಿ ಅದನ್ನು ನನ್ನ ಕಿವಿಗೆ ಹಿಡಿದಳು.

"ಕೇಳ್ಕೋ. ನಿಂಗೆ ಇಷ್ಟೇ."

ಕೇಳಿಸಿಕೊಂಡೆ. ಒಳಗೆ ಮಜ್ಜೆ ಮೆತ್ತಗೆ ಜಾರಾಡುತ್ತಿತ್ತು. ಅಜ್ಜಿ ಮೂಳೆಯನ್ನು ವಾಪಸ್ ತೆಗೆದುಕೊಂಡು, ಕಣ್ಣು ಮುಚ್ಚಿ, ಬೀದಿಗೆಲ್ಲ ಕೇಳಿಸುವ ಹಾಗೆ ಸುರ್ರಂತ ಹೀರಿದಳು.